ನಿದ್ದೆಯ ಕಾಯಿಲೆ: ಗುರುತಿಸೋದು ಹೇಗೆ, ತೋರಿಸೋದು ಎಲ್ಲಿ? ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಭಾಗದವರಿಗೆ ಒಂದಿಷ್ಟು ಮಾಹಿತಿ

ಜೋರಾಗಿ ಗೊರಕೆ ಹೊಡೆಯುವವರನ್ನು ಕಂಡರೆ "ಎಷ್ಟು ಒಳ್ಳೆ ನಿದ್ದೆ, ಪುಣ್ಯವಂತ" ಎನ್ನುವುದು ನಮ್ಮಲ್ಲಿ ರೂಢಿ. ವೈದ್ಯರ ಲೆಕ್ಕದಲ್ಲಿ ಇದು ಬಹುಪಾಲು ತಲೆಕೆಳಗು. ಗೊರಕೆ ಎಂದರೆ ಗಂಟಲಿನ ದಾರಿ ಇಕ್ಕಟ್ಟಾಗಿ ಉಸಿರು ತಿಣುಕಾಡುತ್ತಿದೆ ಎಂದರ್ಥ. ಆ ಗೊರಕೆ ನಡುನಡುವೆ ತಟ್ಟನೆ ನಿಂತು, ಸ್ವಲ್ಪ ಹೊತ್ತು ಸದ್ದೇ ಇಲ್ಲದೆ, ಆಮೇಲೆ 'ಹಕ್' ಎಂದು ಮತ್ತೆ ಶುರುವಾಗುತ್ತಿದ್ದರೆ ಆ ಮನುಷ್ಯ ಅಷ್ಟು ಹೊತ್ತು ಉಸಿರಾಡಿಲ್ಲ. ಬೆಳಗ್ಗೆ ಎದ್ದಾಗ ಅವರಿಗೆ ಇದೇನೂ ನೆನಪಿರುವುದಿಲ್ಲ. ನೋಡಿದವರು ಮಡದಿ, ಮಕ್ಕಳು, ಅಥವಾ ಕೆಲಸದ ಶೆಡ್ಡಿನಲ್ಲಿ ಪಕ್ಕದಲ್ಲಿ ಮಲಗಿದ ಜೊತೆಗಾರರು ಮಾತ್ರ. ಹಾಗಾಗಿ ನಿದ್ದೆಯ ಕಾಯಿಲೆಯ ಮೊದಲ ಸಾಕ್ಷಿ ರೋಗಿಯಲ್ಲ, ಮನೆಯವರು.

ತೆಲಂಗಾಣದ ನಾರಾಯಣಪೇಟೆ, ಮಕ್ತಲ್ ಮತ್ತು ಗದ್ವಾಲ್ ಕನ್ನಡದ ಅಂಚಿಗೆ ತಾಗಿಕೊಂಡ ಊರುಗಳು. ಗದ್ವಾಲ್ ಮತ್ತು ಆಲಂಪುರ ತಾಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ರಾಯಚೂರು ಜಿಲ್ಲೆಯಲ್ಲೇ ಇದ್ದವು. ಈಗ ಗದ್ವಾಲ್ 2016ರಲ್ಲಿ ಹುಟ್ಟಿದ ಜೋಗುಳಾಂಬ ಗದ್ವಾಲ್ ಜಿಲ್ಲೆಯ ಕೇಂದ್ರ. ನಾರಾಯಣಪೇಟೆ 2019ರಲ್ಲಿ ಜಿಲ್ಲೆಯಾಯಿತು, ಮಕ್ತಲ್ ಅದರೊಳಗಿದೆ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು, ಮಸೀದಿ ಅಂಗಳದಲ್ಲಿ ದಖ್ಖನಿ ಉರ್ದು. ಹೀಗೆ ಮೂರು ಭಾಷೆ ಬೆರೆತಲ್ಲಿ ಡಾಕ್ಟರ ಮುಂದೆ ಕೂತು "ನಿದ್ದೆ ಸರಿಯಿಲ್ಲ" ಎಂದು ಹೇಳಿದರೆ ಅದರ ಅರ್ಥ ಹತ್ತು ಬಗೆಯಾಗಬಹುದು. ನಿದ್ದೆ ಬರೋದೇ ಇಲ್ಲವೋ, ಬಂದು ಒಡೆಯುತ್ತದೋ, ಎಷ್ಟು ಮಲಗಿದರೂ ಸಾಲದೋ? ಇವು ಬೇರೆ ಬೇರೆ ಕಾಯಿಲೆಗಳು, ಚಿಕಿತ್ಸೆಯೂ ಬೇರೆ. ಒಂದಕ್ಕೆ ಕೊಡುವ ಗುಳಿಗೆ ಇನ್ನೊಂದಕ್ಕೆ ಅಪಾಯವಾಗುವುದೂ ಉಂಟು.

ಉಸಿರು ನಿಲ್ಲುವ ನಿದ್ದೆ

ಇದಕ್ಕೆ ವೈದ್ಯರು ಕೊಟ್ಟ ಹೆಸರು ಅಬ್‌ಸ್ಟ್ರಕ್ಟಿವ್ ಸ್ಲೀಪ್ ಅಪ್ನಿಯಾ. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗುವುದು ಸಹಜ. ಕೆಲವರಲ್ಲಿ ಕತ್ತಿನ ಸುತ್ತ ಕೊಬ್ಬು ಹೆಚ್ಚಿರುವುದರಿಂದಲೋ, ದವಡೆ ಚಿಕ್ಕದಿರುವುದರಿಂದಲೋ, ಟಾನ್ಸಿಲ್ ಊದಿರುವುದರಿಂದಲೋ ದಾರಿ ಪೂರ್ತಿ ಮುಚ್ಚಿಹೋಗುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮಿದುಳು ಗಾಬರಿಯಾಗಿ ಒಂದು ಕ್ಷಣ ಎಬ್ಬಿಸುತ್ತದೆ, ದಾರಿ ತೆರೆಯುತ್ತದೆ, ಮತ್ತೆ ನಿದ್ದೆ, ಮತ್ತೆ ಮುಚ್ಚುವಿಕೆ. ಕನಿಷ್ಠ 10 ಸೆಕೆಂಡ್ ಉಸಿರು ನಿಂತರೆ ಅಥವಾ ಅಷ್ಟು ಹೊತ್ತು ತೀರಾ ಕುಗ್ಗಿದರೆ ಒಂದು ಘಟನೆ ಎಂದು ಲೆಕ್ಕ. ಗಂಟೆಗೆ 5ರಿಂದ 15 ಆದರೆ ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ತೀವ್ರ ಅಂದರೆ ಎರಡು ನಿಮಿಷಕ್ಕೊಮ್ಮೆಯಾದರೂ ಕತ್ತು ಹಿಸುಕಿ ಬಿಟ್ಟ ಹಾಗೆ, ರಾತ್ರಿಯಿಡೀ. ಇಂಥವರು ಎಂಟು ಗಂಟೆ ಮಲಗಿ ಎದ್ದರೂ ಮಲಗೇ ಇಲ್ಲದ ಹಾಗಿರುತ್ತಾರೆ.

ಬೆಳಗ್ಗೆ ತಲೆನೋವು, ಬಾಯಿ ಒಣಗುವುದು, ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳುವುದು, ಸಣ್ಣಪುಟ್ಟದ್ದಕ್ಕೆ ಸಿಡುಕು, ಮರೆವು, ಕೂತಲ್ಲೇ ತೂಕಡಿಕೆ ಇದರ ಲಕ್ಷಣಗಳು. ಎಷ್ಟು ಮಾತ್ರೆ ನುಂಗಿದರೂ ಇಳಿಯದ ಬಿಪಿಯ ಹಿಂದೆ ಹಲವು ಸಲ ಇದೇ ಇರುತ್ತದೆ. ಹೃದಯದ ಬಡಿತ ತಪ್ಪುವುದು, ಪಾರ್ಶ್ವವಾಯು, ಹಿಡಿತಕ್ಕೆ ಬಾರದ ಸಕ್ಕರೆ ಕಾಯಿಲೆಗೂ ನಂಟಿದೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಇದು ಹೆಚ್ಚುತ್ತದೆ. ಆದರೆ ಅವರು ಗೊರಕೆಯ ಮಾತೆತ್ತುವುದಿಲ್ಲ, "ಸುಸ್ತು, ನಿದ್ದೆ ಬರಲ್ಲ" ಅಂತಷ್ಟೇ ಹೇಳುತ್ತಾರೆ. ಡಾಕ್ಟರರೂ ರಕ್ತಹೀನತೆ ಅಂತ ಟಾನಿಕ್ ಬರೆದು ಕಳಿಸುವುದುಂಟು. ಮಕ್ಕಳಲ್ಲಿ ಚಿತ್ರ ಇನ್ನೊಂದು ಥರ: ಬಾಯಿ ತೆರೆದು ಮಲಗುವುದು, ಹಾಸಿಗೆ ಒದ್ದೆ ಮಾಡುವುದು, ಮದ್ರಸಾದಲ್ಲಿ ಶಾಲೆಯಲ್ಲಿ ಗಮನವಿಲ್ಲದಿರುವುದು, ಅತಿ ತುಂಟತನ. ಅಡಿನಾಯ್ಡ್ ಅಥವಾ ಟಾನ್ಸಿಲ್ ದೊಡ್ಡದಾಗಿದ್ದರೆ ಇಎನ್‌ಟಿ ವೈದ್ಯರೇ ದಾರಿ ತೋರಿಸುತ್ತಾರೆ. ಪೆಟ್ಟು ತಿನ್ನಬೇಕಾದ ಹುಡುಗನಲ್ಲ ಅವನು.

ಎಲ್ಲಕ್ಕಿಂತ ಹೆಚ್ಚು ಚಿಂತೆಯ ಸಂಗತಿ ರಸ್ತೆ. ಹೈದರಾಬಾದ್‌–ಬೆಂಗಳೂರು ರಾಷ್ಟ್ರೀಯ ಹೆದ್ದಾರಿ 44 ಗದ್ವಾಲ್ ಜಿಲ್ಲೆಯ ಎರ್ರವಳ್ಳಿ, ಆಲಂಪುರ ಚೌರಸ್ತಾ ಮೂಲಕ ಹೋಗುತ್ತದೆ. ಮಹಬೂಬ್‌ನಗರದಿಂದ ಮಕ್ತಲ್ ಮೇಲೆ ಕೃಷ್ಣೆ ದಾಟಿ ರಾಯಚೂರಿಗೆ ಬರುವುದು 167. ಲಾರಿ, ಟೆಂಪೊ, ಬಾಡಿಗೆ ಕಾರು ಓಡಿಸಿ ಬದುಕುವ ಯುವಕರು ಸಮುದಾಯದಲ್ಲಿ ಬಹಳ. ಕರಾವಳಿಯಲ್ಲೂ ಅಷ್ಟೇ, ಗಲ್ಫಿನಲ್ಲೂ ಅಷ್ಟೇ. ಸ್ಲೀಪ್ ಅಪ್ನಿಯಾ ಇರುವ ಡ್ರೈವರಿಗೆ ಚಹಾ, ಬೀಡಿ, ಕಿಟಕಿಯ ಗಾಳಿ ಯಾವುದೂ ಕೆಲಸ ಮಾಡುವುದಿಲ್ಲ. ಕಣ್ಣು ತೆರೆದಂತೆಯೇ ಮೂರು ನಾಲ್ಕು ಸೆಕೆಂಡ್ ನಿದ್ದೆ ಕವಿಯಬಹುದು. 80 ಕಿ.ಮೀ. ವೇಗದಲ್ಲಿ ಅಷ್ಟರೊಳಗೆ ಗಾಡಿ 60 ಮೀಟರಿಗಿಂತ ಹೆಚ್ಚು ಮುಂದೆ ಹೋಗಿರುತ್ತದೆ. ಇಂಥ ತೂಕಡಿಕೆ ಇರುವವರು ತಪಾಸಣೆ ಆಗುವವರೆಗೆ ಸ್ಟೇರಿಂಗ್ ಹಿಡಿಯಬಾರದು. ಹೊಟ್ಟೆಪಾಡಿನ ಪ್ರಶ್ನೆ ನಿಜ, ಆದರೂ ಇದರಲ್ಲಿ ರಿಯಾಯಿತಿ ಇಲ್ಲ.

ಗುಳಿಗೆಯ ಉರುಳು

ನಿದ್ದೆಯೇ ಬಾರದಿರುವುದು ಇನ್ನೊಂದು ಕಾಯಿಲೆ. ವಾರಕ್ಕೆ ಮೂರು ರಾತ್ರಿಯಾದರೂ, ಮೂರು ತಿಂಗಳು ಮೇಲ್ಪಟ್ಟು, ಮಲಗಲು ಅವಕಾಶವಿದ್ದೂ ನಿದ್ದೆ ಬಾರದೆ ಹಗಲಿನ ಕೆಲಸ ಕೆಡುತ್ತಿದ್ದರೆ ಅದು ದೀರ್ಘಕಾಲದ ನಿದ್ರಾಹೀನತೆ. ಬೇಸಿಗೆಯಲ್ಲಿ ಕರೆಂಟ್ ಹೋಗಿ ಮಾಳಿಗೆ ಮೇಲೆ ಹೊರಳಾಡಿದ ರಾತ್ರಿಗಳು ಈ ಲೆಕ್ಕಕ್ಕೆ ಬರುವುದಿಲ್ಲ.

ಇಲ್ಲಿ ಪಾಲಮೂರು ಸೀಮೆಗೇ ಸೇರಿದ ಒಂದು ವಿಷಯ ಹೇಳಬೇಕು. ಹಳೇ ಮಹಬೂಬ್‌ನಗರ ಜಿಲ್ಲೆಯ ಹಳ್ಳಿಗಳಲ್ಲಿ ಕಳ್ಳಿಗೆ ಆಲ್‌ಪ್ರಜೋಲಂ, ಡಯಜೆಪಾಂನಂಥ ನಿದ್ದೆಗುಳಿಗೆಯ ಪುಡಿಯನ್ನೋ ಕ್ಲೋರಲ್ ಹೈಡ್ರೇಟ್‌ ಅನ್ನೋ ಬೆರೆಸಿ ಮಾರುವ ದಂಧೆ ಹಳೆಯದು. ಅಬಕಾರಿ ದಾಳಿಯಾಗಿ ಕಳ್ಳು ಸಿಗದಾದಾಗ ಜನ ಕೈ ನಡುಗಿ, ರಾತ್ರಿಗಳೆಲ್ಲ ಎಚ್ಚರವಿದ್ದು, ಏನೇನೋ ಬಡಬಡಿಸುತ್ತ, ಕೆಲವರು ಫಿಟ್ಸ್ ಬಂದು ಆಸ್ಪತ್ರೆ ಸೇರಿದ ಉದಾಹರಣೆಗಳಿವೆ. ಊರವರು ಅದನ್ನು ಕಳ್ಳಿನ ಚಟ ಅಂದುಕೊಂಡರು. ಅದು ಕಳ್ಳಿನದಲ್ಲ, ಗುಳಿಗೆಯ ಚಟ.

"ನಾವು ಅದನ್ನೆಲ್ಲ ಮುಟ್ಟೋದಿಲ್ಲ" ಎಂದು ನಮ್ಮವರು ನಿರಾಳವಾಗುವ ಹಾಗಿಲ್ಲ. ಅದೇ ಆಲ್‌ಪ್ರಜೋಲಂ ಮೆಡಿಕಲ್ ಶಾಪಿನ ಪುಟ್ಟ ಪೊಟ್ಟಣದಲ್ಲಿ ನಮ್ಮ ಮನೆಗಳಿಗೂ ಬರುತ್ತದೆ. ಯಾವತ್ತೋ ಒಂದು ಸಾವಿನ ಮನೆಯ ದುಃಖದಲ್ಲಿ ಡಾಕ್ಟರು ಐದು ದಿನಕ್ಕೆ ಬರೆದದ್ದು ಐದು ವರ್ಷವಾದರೂ ನಿಂತಿರುವುದಿಲ್ಲ. ಕಾನೂನಿನ ಪ್ರಕಾರ ಇದು ಶೆಡ್ಯೂಲ್ ಎಚ್1 ಔಷಧ, ಚೀಟಿಯಿಲ್ಲದೆ ಕೊಡುವಂತಿಲ್ಲ, ಕೊಟ್ಟದ್ದನ್ನು ಅಂಗಡಿಯವರು ಪುಸ್ತಕದಲ್ಲಿ ಬರೆದಿಡಬೇಕು. ಹಳೆ ಚೀಟಿ ತೋರಿಸಿ ತರುವುದು, ನೆರೆಮನೆಯವರಿಗೆ ಎರಡು ಗುಳಿಗೆ ಕಡ ಕೊಡುವುದು ನಡೆಯುತ್ತಲೇ ಇದೆ. ಇದರಲ್ಲಿ ಎರಡು ಅಪಾಯ. ಒಂದು, ಸ್ಲೀಪ್ ಅಪ್ನಿಯಾ ಇದ್ದವರು ನಿದ್ದೆ ಬರಲಿ ಅಂತ ಇದನ್ನು ನುಂಗಿದರೆ ಗಂಟಲು ಇನ್ನಷ್ಟು ಸಡಿಲಾಗುತ್ತದೆ, ಉಸಿರು ನಿಂತಾಗ ಎಬ್ಬಿಸಬೇಕಾದ ಮಿದುಳೂ ಮಂಕಾಗುತ್ತದೆ. ಎರಡು, ತಿಂಗಳುಗಟ್ಟಲೆ ತೆಗೆದುಕೊಂಡವರು ಇದನ್ನು ಓದಿ ಹೆದರಿ ಇವತ್ತೇ ನಿಲ್ಲಿಸಬಾರದು. ತಟ್ಟನೆ ಬಿಟ್ಟರೆ ಫಿಟ್ಸ್ ಬರಬಹುದು. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ, ಸ್ವಲ್ಪ ಸ್ವಲ್ಪವೇ ಇಳಿಸುವುದು ಡಾಕ್ಟರ ಕೆಲಸ.

ನಿದ್ರಾಹೀನತೆಗೆ ಮೊದಲ ಮದ್ದು ಗುಳಿಗೆಯಲ್ಲ ಎಂಬುದನ್ನು ಈಗ ಎಲ್ಲ ಕಡೆಯ ವೈದ್ಯಕೀಯ ಮಾರ್ಗಸೂಚಿಗಳು ಒಪ್ಪುತ್ತವೆ. ಮೊದಲ ಮದ್ದು ಸಿಬಿಟಿ-ಐ ಎಂಬ ಅಭ್ಯಾಸ ತಿದ್ದುವ ಚಿಕಿತ್ಸೆ. ರಾತ್ರಿ ಎಷ್ಟು ಹೊತ್ತಿಗೆ ಮಲಗಿದರೂ ಬೆಳಗ್ಗೆ ಏಳುವ ಗಂಟೆ ಒಂದೇ ಇರಬೇಕು. ಫಜ್ರ್ ನಮಾಜಿಗೆ ಏಳುವವರಿಗೆ ಈ ಅರ್ಧ ದಾರಿ ಈಗಾಗಲೇ ಆಗಿದೆ, ನಮಾಜ್ ಮುಗಿಸಿ ಮತ್ತೆ ಒಂಬತ್ತರವರೆಗೆ ಹೊದ್ದು ಮಲಗುವುದನ್ನು ಬಿಟ್ಟರೆ ಸಾಕು. ಸುಮಾರು ಇಪ್ಪತ್ತು ನಿಮಿಷ ನಿದ್ದೆ ಬಾರದಿದ್ದರೆ ಹಾಸಿಗೆ ಬಿಟ್ಟೇಳುವುದು, ಕಣ್ಣು ಎಳೆದಾಗ ಮಾತ್ರ ವಾಪಸಾಗುವುದು, ಗಡಿಯಾರ ನೋಡದಿರುವುದು, ನಿಜಕ್ಕೂ ನಿದ್ದೆ ಮಾಡುವಷ್ಟೇ ಹೊತ್ತು ಹಾಸಿಗೆಯಲ್ಲಿರುವುದು. ಕೇಳಲು ಸುಲಭ, ಮೊದಲ ಎರಡು ವಾರ ಜೀವ ಹಿಂಡುತ್ತದೆ. ಮಧ್ಯಾಹ್ನದ ಖೈಲೂಲ ಇಪ್ಪತ್ತು ಮೂವತ್ತು ನಿಮಿಷಕ್ಕೆ ಮುಗಿದರೆ ತೊಂದರೆಯಿಲ್ಲ. ಆದರೆ ರಾತ್ರಿ ನಿದ್ದೆ ಬಾರದವರು ಈ ಚಿಕಿತ್ಸೆ ನಡೆಯುವಷ್ಟು ದಿನ ಅದನ್ನೂ ಬಿಡುವುದು ಒಳ್ಳೆಯದು. ಇನ್ನು ನಿದ್ದೆಗೇಡಿನ ಹಿಂದೆ ಖಿನ್ನತೆ, ಆತಂಕ, ಥೈರಾಯ್ಡ್, ನೋವು, ಉಬ್ಬಸ ಇರಬಹುದು. ಸಾಲ, ಮಗಳ ಮದುವೆ, ಮುಂಬೈ ಪುಣೆಗೆ ದುಡಿಯಲು ಹೋದ ಗಂಡನ ಚಿಂತೆಯೂ ಇರಬಹುದು. ಪಾಲಮೂರು ವಲಸೆಯ ಊರುಗಳಲ್ಲಿ ಇದು ಸಣ್ಣ ಮಾತಲ್ಲ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಸಂಖ್ಯೆಗೆ ಪುಕ್ಕಟೆ ಕರೆ ಮಾಡಿ ಕನ್ನಡ, ತೆಲುಗು, ಉರ್ದು ಮೂರರಲ್ಲೂ ಮಾತಾಡಬಹುದು. ಹೆಸರು ಹೇಳಲೇಬೇಕೆಂದಿಲ್ಲ.

ಕಾಲು, ಎದೆ, ನಗು

ಸಂಜೆಯಾದರೆ, ಕೂತರೆ ಮಲಗಿದರೆ ಕಾಲಿನೊಳಗೆ ಏನೋ ಹರಿದಾಡಿದ ಹಾಗೆ, ಅಲ್ಲಾಡಿಸದೆ ಇರಲಾಗದ ಹಾಗೆ ಆಗುತ್ತದೆ, ಎದ್ದು ಓಡಾಡಿದರೆ ಕಡಿಮೆ ಎನ್ನಿಸುತ್ತದೆ. ಇದು ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್, 1945ರಲ್ಲಿ ಸ್ವೀಡನ್ನಿನ ಎಕ್‌ಬೊಮ್ ಎಂಬ ವೈದ್ಯರು ವಿವರಿಸಿದ್ದು. ಮನೆಯಲ್ಲಿ "ಕಾಲು ಒತ್ತು" ಎಂದು ಮಕ್ಕಳನ್ನು ರಾತ್ರಿ ಎಬ್ಬಿಸುವ ಉಮ್ಮಂದಿರಲ್ಲಿ ಎಷ್ಟು ಮಂದಿಗೆ ಇದಿದೆಯೋ. ಮುಖ್ಯ ಕಾರಣಗಳಲ್ಲೊಂದು ಕಬ್ಬಿಣದ ಕೊರತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ. ಬಸಿರು, ಕಿಡ್ನಿ ಕಾಯಿಲೆಯಲ್ಲೂ ಇದು ಹೆಚ್ಚು. ನಾರಾಯಣಪೇಟೆ, ಗದ್ವಾಲ್ ಸೀರೆ ನೇಯುವವರ ಹಾಗೆ ಒಂದೇ ಕಡೆ ಕೂತು ದುಡಿಯುವವರು ಸಂಜೆ ಕಾಲಿನ ಈ ಚಡಪಡಿಕೆಯನ್ನು ಮಗ್ಗದ ಆಯಾಸ ಎಂದು ತಳ್ಳಿಹಾಕಬಾರದು. ಇದಕ್ಕೆ ಸ್ಲೀಪ್ ಲ್ಯಾಬ್ ಬೇಕಿಲ್ಲ. ಲಕ್ಷಣ ಕೇಳಿಯೇ ಗುರುತಿಸುತ್ತಾರೆ, ಜೊತೆಗೆ ಫೆರಿಟಿನ್ ರಕ್ತ ಪರೀಕ್ಷೆ. ಹಿಮೋಗ್ಲೋಬಿನ್ ಸರಿಯಿದ್ದರೂ ಫೆರಿಟಿನ್ ತಗ್ಗಿರಬಹುದು, ಹಾಗಾಗಿ ಆ ಪರೀಕ್ಷೆಯನ್ನು ಹೆಸರು ಹೇಳಿಯೇ ಕೇಳಬೇಕು. ಅಲರ್ಜಿಗೆ, ವಾಂತಿಗೆ ತೆಗೆದುಕೊಳ್ಳುವ ಕೆಲವು ಮಾತ್ರೆಗಳು ಇದನ್ನು ಹೆಚ್ಚಿಸುತ್ತವೆ.

ರಾತ್ರಿ ಕಣ್ಣು ತೆರೆದಿದೆ, ಕೈಕಾಲು ಅಲ್ಲಾಡುತ್ತಿಲ್ಲ, ಎದೆಯ ಮೇಲೆ ಯಾರೋ ಕೂತಿದ್ದಾರೆ, ಬಾಗಿಲ ಬಳಿ ನೆರಳು. ಜಿನ್ನ್ ಹಿಡಿದಿದೆ ಎಂದು ಮಂತ್ರ ತಾಯಿತಕ್ಕೆ ಸಾವಿರಾರು ಕಳೆದುಕೊಂಡ ಕುಟುಂಬಗಳಿವೆ. ಇದು ಸ್ಲೀಪ್ ಪ್ಯಾರಲಿಸಿಸ್. ಕನಸಿನ ಹಂತದ ನಿದ್ದೆಯಲ್ಲಿ ನಾವು ಕನಸಿನಂತೆ ಎದ್ದು ಓಡದಿರಲಿ ಎಂದು ದೇಹದ ಸ್ನಾಯುಗಳು ಕಟ್ಟಿಹೋಗಿರುತ್ತವೆ. ಕಟ್ಟು ಬಿಚ್ಚುವ ಮೊದಲೇ ಎಚ್ಚರವಾದರೆ ಹೀಗಾಗುತ್ತದೆ. ಒಂದೆರಡು ನಿಮಿಷದಲ್ಲಿ ತಾನೇ ಹೋಗುತ್ತದೆ, ಜೀವಕ್ಕೆ ಅಪಾಯವಿಲ್ಲ. ನಿದ್ದೆಗೆಟ್ಟ ದಿನಗಳಲ್ಲಿ, ಅಂಗಾತ ಮಲಗಿದಾಗ, ಪರೀಕ್ಷೆ ಸಮಯದ ಹುಡುಗ ಹುಡುಗಿಯರಲ್ಲಿ ಹೆಚ್ಚು. ಮಲಗುವ ಮುನ್ನ ದುಆ ಓದುವುದು ಮನಸ್ಸಿಗೆ ನೆಮ್ಮದಿ ಕೊಡುತ್ತದೆ, ಅದಕ್ಕೂ ತಪಾಸಣೆಗೂ ಜಗಳವಿಲ್ಲ. ಜಗಳವಿರುವುದು ಭಯವನ್ನು ಮಾರಿ ದುಡ್ಡು ಮಾಡುವವರ ಜೊತೆ.

ಸ್ಲೀಪ್ ಪ್ಯಾರಲಿಸಿಸ್ ಪದೇ ಪದೇ ಬರುತ್ತಿದ್ದು, ಜೊತೆಗೆ ಹಗಲಿನಲ್ಲಿ ತಡೆಯಲಾಗದ ನಿದ್ದೆ, ಜೋರಾಗಿ ನಕ್ಕಾಗ ಮಂಡಿ ಕುಸಿಯುವುದು ಅಥವಾ ದವಡೆ ಜೋತು ಬೀಳುವುದು ಇದ್ದರೆ ಅದು ನಾರ್ಕೊಲೆಪ್ಸಿ ಇರಬಹುದು. ಅಪರೂಪದ ಕಾಯಿಲೆ, ಹೆಚ್ಚಾಗಿ ಹದಿಹರೆಯದಲ್ಲಿ ಶುರು. ಸೋಮಾರಿ, ಮೊಬೈಲ್ ಹುಚ್ಚು, ಅಪಸ್ಮಾರ ಎಂದೆಲ್ಲ ಹೆಸರು ಹೊತ್ತು ವರ್ಷಗಟ್ಟಲೆ ಅಲೆಯುವ ಮಕ್ಕಳಿವರು. ನರರೋಗ ತಜ್ಞರಿಗೇ ತೋರಿಸಬೇಕು. ಹಾಗೆಯೇ ಐವತ್ತು ದಾಟಿದವರು ನಿದ್ದೆಯಲ್ಲಿ ಕೂಗಿ, ಒದ್ದು, ಗುದ್ದಿ ಕನಸನ್ನು ಆಡಿ ತೋರಿಸುತ್ತಿದ್ದರೆ ನಕ್ಕು ಬಿಡಬಾರದು, ಮುಂದೆ ಬರುವ ಪಾರ್ಕಿನ್ಸನ್ ಕಾಯಿಲೆಗೆ ಅದು ವರ್ಷಗಳ ಮುಂಚಿನ ಸುಳಿವಾಗಬಹುದು.

ಕೃಷ್ಣೆಯ ಈಚೆ ದಡದ ಶಕ್ತಿನಗರದ ಶಾಖೋತ್ಪನ್ನ ಸ್ಥಾವರದಂಥ ಕಡೆ ಪಾಳಿಯಲ್ಲಿ ದುಡಿಯುವವರ ನಿದ್ದೆ ಕೆಡುವುದು ಬೇರೆ ಬಗೆ. ದೇಹದ ಗಡಿಯಾರವೇ ಉಲ್ಟಾ ಆಗಿರುತ್ತದೆ. ಹಗಲು ಮಲಗುವ ಕೋಣೆ ಕತ್ತಲಾಗಿರಬೇಕು, ಮನೆಯವರು ಆ ಹೊತ್ತನ್ನು ರಾತ್ರಿಯಂತೆ ಕಾಣಬೇಕು.

ತಪಾಸಣೆಗೆ ಹೊರಡುವ ಮುನ್ನ

ಮೊದಲ ಪರೀಕ್ಷೆ ಕಾಗದ ಪೆನ್ನಿನದು. ಎರಡು ವಾರ ಪ್ರತಿ ದಿನ ಮಲಗಿದ ಹೊತ್ತು, ನಿದ್ದೆ ಬಂದ ಹೊತ್ತು, ಎಚ್ಚರವಾದದ್ದು, ಚಹಾ, ಮಾತ್ರೆ ಬರೆದಿಡಬೇಕು. ಗೊರಕೆಯ ವಿಡಿಯೋ ಒಂದೆರಡು ನಿಮಿಷ ಮೊಬೈಲಿನಲ್ಲಿ ಹಿಡಿದಿಟ್ಟರೆ ಭಾಷೆಯ ತೊಡಕು ಅರ್ಧ ಕಳೆಯಿತು. ತೆಲುಗು ಡಾಕ್ಟರಿಗೆ 'ಗುರಕ' ಎಂದರೂ, ಉರ್ದು ಬಲ್ಲವರಿಗೆ 'ಖರ್ರಾಟೆ' ಎಂದರೂ ಗೊತ್ತಾಗುತ್ತದೆ. 'ಉಸಿರು ನಿಲ್ಲುತ್ತದೆ' ಎನ್ನುವುದನ್ನು ಮಾತ್ರ ನೋಡಿದವರೇ ಹೇಳಬೇಕು, ಹಾಗಾಗಿ ಮಡದಿಯೋ ಮಗನೋ ಜೊತೆಗಿರಲಿ.

ಡಾಕ್ಟರು ಎರಡು ಪ್ರಶ್ನಾವಳಿ ಬಳಸುತ್ತಾರೆ. ಸ್ಟಾಪ್-ಬ್ಯಾಂಗ್‌ನಲ್ಲಿ ಎಂಟು ಪ್ರಶ್ನೆ: ಗೊರಕೆ, ಹಗಲಿನ ಸುಸ್ತು, ಉಸಿರು ನಿಂತದ್ದು ಯಾರಾದರೂ ಕಂಡದ್ದು, ಬಿಪಿ, ಬೊಜ್ಜು, ಐವತ್ತು ದಾಟಿದ ವಯಸ್ಸು, ದಪ್ಪ ಕತ್ತು, ಗಂಡಸಾಗಿರುವುದು. ಮೂರು 'ಹೌದು' ಬಂದರೆ ಮುಂದಿನ ತಪಾಸಣೆಗೆ ಯೋಚಿಸಬೇಕು, ಐದು ಬಂದರೆ ತಡ ಮಾಡಬಾರದು. 1991ರಲ್ಲಿ ಆಸ್ಟ್ರೇಲಿಯಾದಲ್ಲಿ ರೂಪುಗೊಂಡ ಎಪ್‌ವರ್ತ್ ಮಾಪನ ಹಗಲಿನ ತೂಕಡಿಕೆ ಅಳೆಯುತ್ತದೆ. ಓದುವಾಗ, ಟಿವಿ ನೋಡುವಾಗ, ಸಭೆಯಲ್ಲಿ ಕೂತಾಗ ಎಂದೆಲ್ಲ ಎಂಟು ಸಂದರ್ಭ, 24 ಅಂಕ. ಸಭೆ ಅಂದಲ್ಲಿ ಜುಮಾ ಖುತ್ಬಾ ಅಂದುಕೊಂಡರೆ ನಮ್ಮವರಿಗೆ ಉತ್ತರ ಬೇಗ ಹೊಳೆಯುತ್ತದೆ. 10 ದಾಟಿದರೆ ತೂಕಡಿಕೆ ಅತಿಯಾಗಿದೆ ಎಂದರ್ಥ.

ಸರ್ಕಾರಿ ವೈದ್ಯಕೀಯ ಕಾಲೇಜುಗಳು ನಾರಾಯಣಪೇಟೆಗೂ ಗದ್ವಾಲಿಗೂ 2024ರಲ್ಲಿ ಬಂದಿವೆ. ಬಿಪಿ, ಸಕ್ಕರೆ, ಥೈರಾಯ್ಡ್, ಮೂಗು ಗಂಟಲಿನ ಮೊದಲ ತಪಾಸಣೆ ಅಲ್ಲೇ ಶುರು ಮಾಡಬಹುದು. ಮುಂದಕ್ಕೆ ಮಕ್ತಲ್‌ನವರಿಗೆ ಸೇತುವೆ ದಾಟಿದರೆ ರಾಯಚೂರು, ಅಲ್ಲಿ ರಿಮ್ಸ್ ಇದೆ. ಗದ್ವಾಲಿನಿಂದ ರಾಯಚೂರಿಗೆ ರೈಲೇ ಇದೆ, ಕರ್ನೂಲೂ ದೂರವಲ್ಲ. ರಾತ್ರಿಯಿಡೀ ಮಾಡುವ ಪೂರ್ಣ ನಿದ್ದೆ ಪರೀಕ್ಷೆಗೆ ಹೈದರಾಬಾದಿನ ನಿಮ್ಸ್ ಅಥವಾ ಬೆಂಗಳೂರಿನ ನಿಮ್ಹಾನ್ಸ್‌ನಂಥ ದೊಡ್ಡ ಸಂಸ್ಥೆಗಳ ಹೆಸರು ಬರುತ್ತದೆ, ಕರಾವಳಿಯವರು ಮಂಗಳೂರಿನ ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಶ್ವಾಸಕೋಶ ವಿಭಾಗದಲ್ಲಿ ವಿಚಾರಿಸಬಹುದು. ಹೋಗುವ ಮುನ್ನ ಫೋನ್ ಮಾಡಿ ದಿನ ಗೊತ್ತುಪಡಿಸಿಕೊಳ್ಳುವುದು ಲೇಸು, ಖರ್ಚನ್ನೂ ಕೇಳಿಕೊಳ್ಳಬೇಕು.

ಈ ಪರೀಕ್ಷೆಯ ಹೆಸರು ಪಾಲಿಸೋಮ್ನೋಗ್ರಫಿ. ನೋವಿಲ್ಲ, ಸೂಜಿಯಿಲ್ಲ. ತಲೆ, ಕಣ್ಣಿನ ಪಕ್ಕ, ಗದ್ದ, ಎದೆ, ಕಾಲಿಗೆ ತಂತಿ ಅಂಟಿಸುತ್ತಾರೆ, ಎದೆ ಹೊಟ್ಟೆಗೆ ಪಟ್ಟಿ, ಮೂಗಿಗೆ ಸಣ್ಣ ಕೊಳವೆ, ಬೆರಳಿಗೆ ಆಮ್ಲಜನಕದ ಕ್ಲಿಪ್. ತಲೆಗೆ ಎಣ್ಣೆ ಹಚ್ಚದೆ ಸ್ನಾನ ಮಾಡಿ ಹೋಗಬೇಕು, ಆ ದಿನ ಮಧ್ಯಾಹ್ನದ ಮೇಲೆ ಚಹಾ ಕಾಫಿ ಬೇಡ, ಹಗಲು ನಿದ್ದೆಯೂ ಬೇಡ, ದಿನದ ಮಾತ್ರೆಗಳ ಬಗ್ಗೆ ಡಾಕ್ಟರನ್ನೇ ಕೇಳಬೇಕು. ಹೆಂಗಸರು ತಲೆಗೆ ತಂತಿ ಹಚ್ಚಲು ಮಹಿಳಾ ತಂತ್ರಜ್ಞರು ಇದ್ದಾರೆಯೇ, ಜೊತೆಗೊಬ್ಬರು ಇರಬಹುದೇ ಎಂದು ದಿನ ಗೊತ್ತುಮಾಡುವಾಗಲೇ ಕೇಳಿಕೊಳ್ಳುವುದು ಒಳ್ಳೆಯದು. ಕೋಣೆಯಲ್ಲಿ ಕ್ಯಾಮೆರಾ ಇರುತ್ತದೆ ಎಂಬುದೂ ತಿಳಿದಿರಲಿ, ಅದು ಪರೀಕ್ಷೆಯ ಭಾಗ. ಬಾತ್‌ರೂಮಿಗೆ, ನಮಾಜಿಗೆ ಏಳಬೇಕಾದರೆ ತಂತಿಗಳ ಪೆಟ್ಟಿಗೆಯನ್ನು ಕಳಚಿ ಕೊಡುತ್ತಾರೆ. ನಾರ್ಕೊಲೆಪ್ಸಿ ಅನುಮಾನವಿದ್ದರೆ ಮರುದಿನ ಹಗಲು ಎರಡು ಗಂಟೆಗೊಮ್ಮೆ ಚಿಕ್ಕ ಚಿಕ್ಕ ನಿದ್ದೆ ಮಾಡಿಸಿ ನೋಡುವ ಪರೀಕ್ಷೆಯೂ ನಡೆಯುತ್ತದೆ.

ಮನೆಗೇ ಪುಟ್ಟ ಯಂತ್ರ ಕೊಟ್ಟು ಕಳಿಸುವ ಪರೀಕ್ಷೆಯೂ ಇದೆ, ದೂರದ ಊರವರಿಗೆ ಅನುಕೂಲ. ಅದು ಉಸಿರು, ಆಮ್ಲಜನಕ ಮಾತ್ರ ನೋಡುತ್ತದೆ, ಸ್ಲೀಪ್ ಅಪ್ನಿಯಾ ಬಿಟ್ಟು ಬೇರೆ ಕಾಯಿಲೆ ಅದಕ್ಕೆ ಕಾಣುವುದಿಲ್ಲ. ಲಕ್ಷಣ ಬಲವಾಗಿದ್ದೂ ಮನೆ ಪರೀಕ್ಷೆ ಸರಿಯಿದೆ ಎಂದು ಬಂದರೆ ಲ್ಯಾಬಿನದ್ದು ಮಾಡಿಸಲೇಬೇಕು. ಕೈಗಡಿಯಾರ, ಮೊಬೈಲ್ ಆ್ಯಪ್ ತೋರಿಸುವ ನಿದ್ದೆಯ ಅಂಕಿಗಳನ್ನು ನೋಡಿ ಹೆದರುವುದೂ ಬೇಡ, ನಿರಾಳವಾಗುವುದೂ ಬೇಡ.

ಮಧ್ಯಮ ಅಥವಾ ತೀವ್ರ ಅಪ್ನಿಯಾಕ್ಕೆ ಮುಖ್ಯ ಚಿಕಿತ್ಸೆ ಸಿ-ಪ್ಯಾಪ್. ಮೂಗಿನ ಮಾಸ್ಕ್ ಮೂಲಕ ಒತ್ತಡದ ಗಾಳಿ ಊದಿ ಗಂಟಲು ಮುಚ್ಚದಂತೆ ಹಿಡಿಯುವ ಯಂತ್ರ, 1981ರಲ್ಲಿ ಸಿಡ್ನಿಯ ಡಾ. ಕಾಲಿನ್ ಸಲಿವನ್ ಅವರು ಮೊದಲು ವರದಿ ಮಾಡಿದ್ದು. ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು, ಸೌಮ್ಯ ಕಾಯಿಲೆಯಲ್ಲಿ ದವಡೆ ಮುಂದೆ ಹಿಡಿಯುವ ದಂತಪಟ್ಟಿ ಕೂಡ ನೆರವಾಗುತ್ತವೆ. ಗಡ್ಡ ಇದ್ದವರಿಗೆ ಮುಖದ ಮಾಸ್ಕಿನಿಂದ ಗಾಳಿ ಸೋರುತ್ತದೆ ಎಂಬ ದೂರು ಸಾಮಾನ್ಯ. ಗಡ್ಡ ತೆಗೆಯಬೇಕಿಲ್ಲ, ಮೂಗಿನ ಹೊಳ್ಳೆಗೆ ಮಾತ್ರ ಕೂರುವ ಮಾಸ್ಕ್ ಕೇಳಿದರೆ ಸಾಕು. ಕರೆಂಟ್ ಹೋಗುವ ಊರುಗಳಲ್ಲಿ ಇನ್ವರ್ಟರ್ ಅಥವಾ ಯಂತ್ರಕ್ಕೆ ಹೊಂದುವ ಬ್ಯಾಟರಿಯ ಲೆಕ್ಕವನ್ನೂ ಮೊದಲೇ ಹಾಕಬೇಕು. ಬೆಲೆ ಹತ್ತಾರು ಸಾವಿರ, ಆದ್ದರಿಂದ ಬಾಡಿಗೆಗೆ ತಂದು ಕೆಲವು ವಾರ ನೋಡಿ ಕೊಳ್ಳುವುದು ಜಾಣತನ. ರಮಝಾನಿನಲ್ಲಿ ತರಾವೀಹ್ ಮುಗಿಸಿ ಒಂದು ತುಂಡು, ಸಹ್ರಿ ಆದ ಮೇಲೆ ಇನ್ನೊಂದು ತುಂಡು ನಿದ್ದೆಯಾಗುತ್ತದಲ್ಲ, ಎರಡಕ್ಕೂ ಮಾಸ್ಕ್ ಬೇಕು. ಉಪವಾಸದ ಹೊತ್ತಿನಲ್ಲಿ ಬಳಸುವ ಬಗ್ಗೆ, ಅದರಲ್ಲೂ ನೀರಿನ ಆವಿ ಸೇರಿಸುವ ಯಂತ್ರವಾದರೆ, ಡಾಕ್ಟರನ್ನೂ ಉಸ್ತಾದರನ್ನೂ ರಮಝಾನ್ ಶುರುವಾಗುವ ಮೊದಲೇ ಕೇಳಿಕೊಳ್ಳಬೇಕು. ಊರಿಗೆ ಬಂದ ಗಲ್ಫ್ ಉದ್ಯೋಗಿಗಳು ಯಂತ್ರವನ್ನು ವಿಮಾನದಲ್ಲಿ ಕೈಚೀಲದಲ್ಲೇ ಇಟ್ಟುಕೊಳ್ಳಲಿ, ಡಾಕ್ಟರ ಚೀಟಿಯ ಪ್ರತಿ ಜೊತೆಗಿರಲಿ. ಹೆಚ್ಚಿನ ಯಂತ್ರಗಳು ಎಷ್ಟು ರಾತ್ರಿ, ಎಷ್ಟು ಗಂಟೆ ಬಳಸಿದ್ದು ಎಂಬುದನ್ನು ತಾವೇ ಬರೆದಿಟ್ಟುಕೊಳ್ಳುತ್ತವೆ. ಮುಂದಿನ ಭೇಟಿಯಲ್ಲಿ ಡಾಕ್ಟರು ಮೊದಲು ತೆರೆಯುವುದು ಆ ಪುಟವನ್ನೇ.